ಪರಮಾನಂದ ಸರ್ ಆನ್‌ಲೈನ್ ಇದ್ದಾರೆ

ಪ್ರಜ್ಞಾ ಮೌಸ್ ಮುಟ್ಟಿರಲಿಲ್ಲ. ಆದರೂ ಪರದೆಯ ಮೇಲಿನ ಚಿತ್ರ ತಾನಾಗಿಯೇ ಎಡಕ್ಕೆ ಸರಿಯಿತು!

ಹಿಂದಿನ ಮೇಷ್ಟ್ರು ಏಳನೇ ತರಗತಿಗೆಂದು ಅರ್ಧ ಮಾಡಿಟ್ಟಿದ್ದ ವೆಬ್‌ಸೈಟನ್ನು ಅವಳು ಮುಂದುವರಿಸುತ್ತಿದ್ದಳಷ್ಟೆ. ಈಗ ಪರದೆಯ ಮೂಲೆಯಲ್ಲಿ ಹಸಿರು ಚುಕ್ಕೆ. ಪಕ್ಕದಲ್ಲೇ ಹೆಸರು... 'ಪರಮಾನಂದ ಸರ್.'

ಅದೇ ಪುಟದಲ್ಲಿ ಆ ಹಿಂದಿನ ಮೇಷ್ಟ್ರು ಪರಮಾನಂದನ ಫೋಟೋ ಇತ್ತು. ಫೋಟೋ ಸುತ್ತ ಹೂವಿನ ಹಾರ!

ಯಂಕಂಚಿ ಸಮೀಪದ ಈ ಶಾಲೆಗೆ ಟೀಚರಾಗಿ ಬಂದ ಮೊದಲ ದಿನವೇ ಆ ಹಾರ ನೋಡಿ ಅವಳು ಕೈಮುಗಿದಿದ್ದಳು. ಇಷ್ಟು ಚಿಕ್ಕ ವಯಸ್ಸಿಗೆ... ಪಾಪ! ಬಿಸಿಯೂಟದ ಇಂದ್ರಾಬಾಯಿಯನ್ನು ಕೇಳಿದರೆ ಆಕೆ ಕಣ್ಣಿಗೆ ಸೆರಗು ಒತ್ತಿಕೊಂಡಿದ್ದಳು.

"ಅವ್ರ ಸುದ್ದಿ ತಗೀಬ್ಯಾಡ್ರಿ ಟೀಚರ್. ಹುಡುಗ್ರು ಅಳ್ತಾವು."

ಮತ್ತೆ ಯಾರನ್ನು ಕೇಳುವುದು?

ದೆವ್ವ ಭೂತ ಎಂದರೆ ನಗುವ ಮನೆಯಲ್ಲಿ, ಬುದ್ಧನ ಪಟದ ಕೆಳಗೆ ಬೆಳೆದವಳು ಪ್ರಜ್ಞಾ. ಆದರೆ ನಂಬದವರ ಎದೆಯೂ ಡವಡವ ಎನ್ನುತ್ತದೆ, ಏನು ಮಾಡುವುದು!

ಮರುದಿನವೂ ಶಾಲೆ ಬಿಟ್ಟ ಮೇಲೆ, ಸದ್ದೆಲ್ಲ ಅಡಗಿದಾಗ ಚುಕ್ಕೆ ಬಂತು. ಪುಟದ ಅಂಚಿನಲ್ಲಿ ಅಕ್ಷರಗಳು ಒಂದೊಂದಾಗಿ ಮೂಡಿದವು.

"ನೀವು ಕುಂತ ಕುರ್ಚಿ ನಂದು. ಎಡಗಡೆ ಕಾಲು ಸಡಿಲೈತಿ. ಹುಷಾರ್ರಿ."

ಕುರ್ಚಿ ಗಡಕ್ಕನೆ ವಾಲಿತು! ಅವಳು ಮೇಜಿನ ಅಂಚು ಹಿಡಿದುಕೊಂಡಳು.

ಓಡಿಹೋಗಬೇಕಿತ್ತು. ಹೋಗಲಿಲ್ಲ ನಮ್ಮ ಹುಡುಗಿ. ದಿನವೂ ಕಾದಳು. ಯಾವ ಮಗು ಓದಲು ನಾಚುತ್ತದೆ, ಯಾರ ಚಿತ್ರ ಮೇಲೆ ಹಾಕಿದರೆ ಅವರು ಹಿಗ್ಗುತ್ತಾರೆ... ಎಲ್ಲವೂ ಅವನಿಗೆ ಗೊತ್ತು. ಮಕ್ಕಳನ್ನು ಇಷ್ಟು ಪ್ರೀತಿಸಿದವನು ಸತ್ತ ಮೇಲಾದರೂ ಹೇಗೆ ಬಿಟ್ಟು ಹೋದಾನು?

ಒಂದು ಸಂಜೆ ಚುಕ್ಕೆ ತಡವಾಗಿ ಬಂತು. ಅಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ನಿಜವಾದ ಭಯ ಹುಟ್ಟಿದ್ದು ಆಗಲೇ. ಅತ್ತ ತವರೂರು ಇಂಡಿಯಲ್ಲಿ ಅಪ್ಪ ಗಂಡು ನೋಡುತ್ತಿದ್ದಾರೆ; ಇವಳ ಮನಸ್ಸು ಹಾರ ಹಾಕಿದ ಫೋಟೋದಲ್ಲಿ! ಹೀಗೇ ಬಿಟ್ಟರೆ ಬಾಳೇ ಹಾಳು.

ಕೊನೆಗೆ ಬರೆದಳು: "ಇನ್ನ ಬರಬ್ಯಾಡ್ರಿ. ಸತ್ತವ್ರ ಮ್ಯಾಲ ಜೀವ ಇಟ್ಕೊಂಡು ನಾ ಹೆಂಗ ಬದಕಲಿ?"

ಚುಕ್ಕೆ ಆರಿತು.

ಮರುದಿನ ತರಗತಿಯ ಬಾಗಿಲಲ್ಲಿ ಒಂದು ನೆರಳು ಬಿತ್ತು. ತಲೆಯೆತ್ತಿದರೆ ಫೋಟೋದ ಅದೇ ಮುಖ!

"ಅಯ್ಯೋ!" ಪ್ರಜ್ಞಾ ಗೋಡೆಗೆ ಆತುಕೊಂಡಳು.

"ಸರ್ ಬಂದ್ರು! ಸರ್ ಬಂದ್ರು!" ಮಕ್ಕಳು ಹೋಗಿ ಅವನಿಗೆ ತೆಕ್ಕೆಬಿದ್ದರು. ದೆವ್ವವನ್ನು ಯಾರಾದರೂ ಹಾಗೆ ತಬ್ಬುತ್ತಾರೆಯೇ?

"ಆಲಮಟ್ಟಿ ಕಡೆ ವರ್ಗ ಆಗೇತ್ರಿ ನಂದು, ಸತ್ತಿಲ್ಲ. ಅಲ್ಲಿಂದನ ಈ ವೆಬ್‌ಸೈಟಿನ ಚಿತ್ರ ಸರಸತಿದ್ದೆ," ಎಂದ ಪರಮಾನಂದ.

"ಮತ್ತ... ಆ ಹಾರ?"

"ನಾವ ಹಾಕೇವ್ರಿ ಟೀಚರ್!" ಮುಂದಿನ ಸಾಲಿನ ಸುವರ್ಣಾ ಹೆಮ್ಮೆಯಿಂದ ಹೇಳಿದಳು. "ಕಂಪ್ಯೂಟರಿನ್ಯಾಗಿನ ಫೋಟೋ ಚೌಕಟ್ಟುಗಳೊಳಗ ಹೂವಿಂದ ಭಾಳ ಛಂದ ಇತ್ರಿ!"

"ಪ್ರೀತಿಲೆ ಹಾಕ್ಯಾವು, ತಗೀಲಾಕ ಮನಸ್ಸಾಗಲಿಲ್ರಿ," ಎಂದು ಅವನು ನಕ್ಕ. "ನೀವು ಹಿಂಗ ತಿಳಕೋತೀರಂತ..."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಪ್ರಜ್ಞಾಗೆ.

ಗಂಟೆ ಹೊಡೆಯಿತು. ಮಕ್ಕಳು ಬಯಲಿಗೆ ಓಡಿದರು. ಅವನು ದನಿ ತಗ್ಗಿಸಿದ.

"ನಿನ್ನಿ ಬರದಿದ್ದು ಅಳಿಸಿಬಿಡ್ಲೇನ್ರಿ?"

"ಅಳಸ್ರಿ," ಎಂದಳು.

ಅವನ ಮುಖ ಬಾಡಿತು.

"ಅದು ಸತ್ತವ್ರಿಗೆ ಬರದಿದ್ದು. ಬದಕಿದ್ದವ್ರಿಗೆ ಬಾಯಿಲೇನ ಹೇಳ್ತೇನಿ..." ಅವಳು ತಲೆಯೆತ್ತಿದಳು. "ನೀವು ಬರೂದನ್ನ ದಿನಾ ಕಾಯ್ತಿದ್ದೆ. ದೆವ್ವ ಅಂತ ತಿಳಕೊಂಡೂ ಕಾಯ್ತಿದ್ದೆ."

"ನಾನೂ ಅಷ್ಟರಿ," ಎಂದ ಪರಮಾನಂದ. "ಚಿತ್ರ ಸರಸೂ ಕೆಲಸ ಎಂದೋ ಮುಗದಿತ್ತು."