ಕಿವಿ ಮಡಚದಂತೆ

ಬುಧವಾರ ಸಂಜೆ ಐದೂವರೆಗೆ ಠಾಣೆಗೆ ಬಂದ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ವೃದ್ಧಾಶ್ರಮದಲ್ಲಿದ್ದ ತನ್ನ ತಾಯಿಯನ್ನು ಯಾರೋ ಉಸಿರುಗಟ್ಟಿಸಿ ಕೊಂದಿದ್ದಾರೆ, ಮೊದಲು ಎಫ್‌ಐಆರ್ ಹಾಕಿ, ಮಾತು ಆಮೇಲೆ ಎಂದಳು. ತಾಯಿ ನಿವೃತ್ತ ಮುಖ್ಯೋಪಾಧ್ಯಾಯಿನಿ, ಆಶ್ರಮದಲ್ಲಿ ಎಲ್ಲರ ಬಾಯಲ್ಲೂ 'ಹೆಡ್‌ಮಿಸ್'. ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದರು. ಮರಣ ಪತ್ರ ಬರೆಯಲು ಬಂದ ಡಾಕ್ಟರು ತುಟಿಯ ಒಳಗೆ ಹಲ್ಲೊತ್ತಿದ ಗಾಯ ಕಂಡು ಪೆನ್ನು ಮುಚ್ಚಿಬಿಟ್ಟಿದ್ದರು.

"ಯಾರ ಮೇಲೆ ಅನುಮಾನ?" ಇನ್ಸ್‌ಪೆಕ್ಟರ್ ಕೇಳಿದರು.

"ಇವತ್ತು ಬೆಳಿಗ್ಗೆ ಕೆಲಸಕ್ಕೆ ಸೇರಿದವಳು. ಅಮ್ಮ ಅವಳ ಕೆನ್ನೆಗೆ ಹೊಡೆದಿದ್ರಂತೆ. ಮಧ್ಯಾಹ್ನದಿಂದ ಅವಳು ಪತ್ತೆ ಇಲ್ಲ. ಇನ್ನೇನು ಸಾಕ್ಷಿ ಬೇಕು ನಿಮಗೆ?"

"ನಿಮ್ಮಮ್ಮ ಹೊಡೀತಿದ್ರಾ?"

"ಕಾಯಿಲೆಯವರು, ಹೊಡೀತಾರೆ. ತಾಳ್ಕೊಳ್ಳೋಕೇ ತಾನೇ ಸಂಬಳ ಕೊಡೋದು?"

ತಾಯಿಯ ಕೈ ಮಗಳ ನಾಲಿಗೆಗೆ ಇಳಿದಿದೆ ಎಂದುಕೊಂಡು ಇನ್ಸ್‌ಪೆಕ್ಟರ್ ಟೋಪಿ ಎತ್ತಿಕೊಂಡರು.

ಆಶ್ರಮದ ಕೊನೆಯ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಹೆಡ್‌ಮಿಸ್ ಎಡಮಗ್ಗುಲಾಗಿ, ಅಡಿಯ ಕಿವಿಯೂ ಮಡಚದಂತೆ ಮಲಗಿದ್ದರು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಡಚಿದ ಟವೆಲ್ ಇತ್ತು, ಮೊಣಕಾಲುಗಳ ನಡುವೆ ದಿಂಬು. ದಿಂಬನ್ನು ಮಗುಚಿ ನೋಡಿದರೆ ಕೆಳಬದಿಯಲ್ಲಿ ಎಂಜಲು ಮತ್ತು ತುಸು ರಕ್ತದ ಕಲೆ. ಬಾಯಿ ಮುಚ್ಚಿದ ದಿಂಬೇ ಕಾಲ ನಡುವೆ ಬಂದು ಕೂತಿತ್ತು. ಇನ್ಸ್‌ಪೆಕ್ಟರ್‌ಗೆ ಅದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು. ಕೊಂದು ಓಡುವವರು ಹಾಸಿಗೆ ಸರಿಮಾಡಿ ಓಡುತ್ತಾರೆಯೇ?

"ಇಪ್ಪತ್ತು ಜನ ವಯಸ್ಸಾದವರಿಗೆ ಎಷ್ಟು ಜನ ಕೆಲಸದವರು?" ಮ್ಯಾನೇಜರನ್ನು ಕೇಳಿದರು.

"ಐದು ಜನ ಇರಬೇಕು ಸಾರ್."

"ಇರಬೇಕಾದ್ದು ಕೇಳಲಿಲ್ಲ. ಇರೋದು?"

"ಹಗಲಿಗೆ ಅಕ್ಕ ಒಬ್ಳೇ. ಅಡುಗೆಯವನು ಒಬ್ಬ, ಅವನು ಅಡುಗೆಮನೆ ದಾಟಿ ಬರಲ್ಲ. ಜನ ಸಿಗಲ್ಲ ಸಾರ್. ಸಿಕ್ಕಿದವರು ನಿಲ್ಲಲ್ಲ."

'ಅಕ್ಕ' ಎಂಬವಳು ಬೇಸಿನ್ ಹಿಡಿದು ಎದುರಿಗೇ ಹಾದುಹೋದಳು. ಎಂಬತ್ತು ದಾಟಿದವರೂ ಅವಳನ್ನು ಅಕ್ಕ ಎಂದೇ ಕೂಗುತ್ತಿದ್ದರು, ಅದೂ ಏಕಕಾಲಕ್ಕೆ.

"ನಿಂತು ಮಾತಾಡಮ್ಮ."

"ನಿಂತ್ರೆ ಅಲ್ಲೊಬ್ರು ಒದ್ದೇಲೇ ಮಲಗಿರ್ತಾರೆ. ನಡೀತಾ ಕೇಳಿ."

ಇನ್ಸ್‌ಪೆಕ್ಟರ್ ಬಾಲದ ಹಾಗೆ ಹಿಂದೆ ನಡೆದರು. ಹೊಸಬಳು ಯಾವಾಗ ಹೋದಳು? ನೋಡಿಲ್ಲ. ಹೆಡ್‌ಮಿಸ್ ಆಗ ಬದುಕಿದ್ದರೇ? ಗೊತ್ತಿಲ್ಲ. ಮೂರನೆಯ ಪ್ರಶ್ನೆಗೆ ಮುಖದೆದುರೇ ಸ್ನಾನದ ಮನೆಯ ಬಾಗಿಲು ಹಾಕಿಕೊಂಡಿತು.

ಗುರುವಾರ ಬೆಳಿಗ್ಗೆ ಹೊಸಬಳನ್ನು ಅವಳ ಅತ್ತಿಗೆಯ ಮನೆಯಿಂದ ಕರೆತಂದರು. ಕೆನ್ನೆಯ ಮೇಲೆ ಇನ್ನೂ ಬೆರಳಚ್ಚು.

"ಹೊಡೆಸ್ಕೊಂಡೋಳೂ ನಾನೇ, ಒಳಗೆ ಹೋಗೋಳೂ ನಾನೇನಾ?" ಎಂದು ಕಿರುಚಿದಳು. "ಅರ್ಧ ದಿನ ಇದ್ದೆ ಅಷ್ಟೆ. ಆ ಮುದುಕಿ ಮುಖ ಇನ್ನೊಂದು ಸಲ ನೋಡಿಲ್ಲ."

ಇನ್ಸ್‌ಪೆಕ್ಟರ್ ಠಾಣೆಯ ಬೆಂಚಿನ ಮೇಲೆ ದಫೇದಾರನನ್ನು ಮಲಗಿಸಿದರು. "ಇವರನ್ನ ಮಗ್ಗುಲಿಗೆ ತಿರುಗಿಸು."

ಅವಳು ದಫೇದಾರನ ತೋಳು ಹಿಡಿದು ಜಗ್ಗಿದಳು. ಆತ ಮೂಟೆಯಂತೆ ನೆಲಕ್ಕುರುಳಿದ. ಕಾನ್‌ಸ್ಟೇಬಲ್‌ಗಳು ಬಾಯಿಗೆ ಕೈ ಹಿಡಿದು ನಕ್ಕರು. ಇನ್ಸ್‌ಪೆಕ್ಟರ್ ನಗಲಿಲ್ಲ. ಜೀಪು ತೆಗೆಯಲು ಹೇಳಿದರು.

ಆಶ್ರಮದ ಖಾಲಿ ಮಂಚವೊಂದರಲ್ಲಿ ದಫೇದಾರ ಮತ್ತೆ ಮಲಗಬೇಕಾಯಿತು.

"ಈ ಆಟಕ್ಕೆಲ್ಲ ನನಗೆ ಪುರಸೊತ್ತಿಲ್ಲ," ಎಂದಳು ಅಕ್ಕ.

"ಒಂದು ನಿಮಿಷ. ತಿರುಗಿಸಮ್ಮ."

ಅವಳ ಒಂದು ಕೈ ಭುಜಕ್ಕೆ ಹೋಯಿತು, ಇನ್ನೊಂದು ಸೊಂಟಕ್ಕೆ. ಅಷ್ಟು ದೊಡ್ಡ ಆಳು ಮಗುವಿನ ಹಾಗೆ ಮಗ್ಗುಲಾದ. ಮೊಣಕಾಲ ನಡುವೆ ದಿಂಬು, ಹಿಮ್ಮಡಿಯಡಿ ಟವೆಲ್. ಕೊನೆಗೆ ತಲೆಯನ್ನು ತುಸು ಎತ್ತಿ, ಅಡಿಯಲ್ಲಿ ಮಡಚಿಕೊಂಡಿದ್ದ ಕಿವಿಯನ್ನು ಎರಡು ಬೆರಳಿನಿಂದ ಬಿಡಿಸಿದಳು.

"ಕಿವಿ ಯಾಕೆ?"

"ಮಡಚಿದ್ರೆ ಹುಣ್ಣಾಗುತ್ತೆ."

"ಹೆಡ್‌ಮಿಸ್ ಕಿವೀನೂ ಮಡಚಿರಲಿಲ್ಲ. ಅವರ ಬಾಯಿ ಮುಚ್ಚಿದ ದಿಂಬನ್ನ ಮುಚ್ಚಿದವರೇ ಕಾಲ ಮಧ್ಯೆ ಇಟ್ಟಿದ್ದಾರೆ. ಹಾಗಿಡೋಕೆ ಇಲ್ಲಿ ಇನ್ಯಾರಿಗೆ ಬರುತ್ತೆ?"

ಅಕ್ಕ ತನ್ನ ಕೈಗಳನ್ನೇ ದ್ವೇಷದಿಂದ ನೋಡಿದಳು.

"ಸತ್ತ ಮೇಲೂ ಯಾಕಮ್ಮ ತಿರುಗಿಸಿದೆ?"

"ಮೂರು ಗಂಟೆ ಆಗಿತ್ತು. ತಿರುಗಿಸೋ ಹೊತ್ತು."

ಉಳಿದದ್ದನ್ನು ಯಾರೂ ಕೇಳದೆಯೇ ಅವಳು ಹೇಳಿದಳು. ಬೇರೆ ಕೆಲಸ ಸಿಕ್ಕಿತ್ತು. ಆದರೆ ಬದಲಿ ಜನ ನಿಲ್ಲುವವರೆಗೆ ಅವಳ ಸರ್ಟಿಫಿಕೇಟುಗಳನ್ನು ಮ್ಯಾನೇಜರ್ ಬಿಡುವುದಿಲ್ಲ. ಬಂದವರನ್ನೆಲ್ಲ ಹೆಡ್‌ಮಿಸ್ ಉಗಿದು, ಚಿವುಟಿ ಓಡಿಸುತ್ತಿದ್ದರು. ಅವರಿಗೆ ಅಕ್ಕನೇ ಬೇಕು.

"ಮೂರನೆಯವಳನ್ನೂ ಓಡಿಸಿಬಿಟ್ಟೆ ನೋಡು ಅಂದ್ರು. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡು ನಕ್ರು. ಇನ್ನು ನೀನು ಎಲ್ಲಿಗೂ ಹೋಗಲ್ಲ ಅಂದ್ರು."

"ಸರ್ಟಿಫಿಕೇಟ್ ಇಟ್ಕೊಳ್ಳೋದು ನಮ್ಮ ಆಶ್ರಮದ ನಿಯಮ ಸಾರ್," ಬಾಗಿಲಲ್ಲಿ ನಿಂತಿದ್ದ ಮ್ಯಾನೇಜರ್ ನಡುವೆ ಬಾಯಿ ಹಾಕಿದ.

"ಬಾಯಿ ಮುಚ್ಚು. ನಿನ್ನ ನಿಯಮ ಠಾಣೇಲಿ ಕೇಳ್ತೀನಿ." ಇನ್ಸ್‌ಪೆಕ್ಟರ್ ಅಕ್ಕನ ಕಡೆ ತಿರುಗಿದರು. "ಸರ್ಟಿಫಿಕೇಟ್ ಕೊಡ್ತಿಲ್ಲ ಅಂತ ನಮ್ಮ ಹತ್ರ ಬರಬಹುದಿತ್ತಲ್ಲ?"

"ಬಂದಿದ್ದೆ. ಇವರೇ ಇದ್ರು," ಎಂದು ಮಂಚದ ಕಡೆ ಕೈ ತೋರಿಸಿದಳು. "ಕೆಲಸದ ತಕರಾರೆಲ್ಲ ಪೊಲೀಸರದ್ದಲ್ಲ, ಹೋಗಮ್ಮ ಅಂದ್ರು."

ದಫೇದಾರ ಎದ್ದು, ಯಾರ ಮುಖವನ್ನೂ ನೋಡದೆ ಟೋಪಿ ಹುಡುಕತೊಡಗಿದ. ಇನ್ಸ್‌ಪೆಕ್ಟರ್‌ಗೆ ಅವನ ಮೇಲೆ ಉರಿದುಹೋಯಿತು. ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂಬುದು ಹೊಳೆದು ಇನ್ನಷ್ಟು ಉರಿಯಿತು.

ಹನ್ನೊಂದು ನಲವತ್ತಕ್ಕೆ ಬಂಧನ ದಾಖಲಾಯಿತು. ಅಕ್ಕ ಹೊರಡುವಾಗ ಒಳಗಿನಿಂದ ನಾಲ್ಕಾರು ದನಿಗಳು ಅವಳನ್ನು ಕರೆದವು, ಒಬ್ಬ ಮುದುಕರಂತೂ ಬೈದೇಬಿಟ್ಟರು. ಅವಳು ಹಿಂದೆ ತಿರುಗಲಿಲ್ಲ.

ಜೀಪಿನಲ್ಲಿ ಇನ್ಸ್‌ಪೆಕ್ಟರ್ ಕೇಳಿದರು, "ಸಿಕ್ಕಿದ ಕೆಲಸ ಏನು?"

"ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡೋದು. ಬರೋ ಸೋಮವಾರ ಸೇರಬೇಕಿತ್ತು."

"ಸಂಬಳ ಜಾಸ್ತಿನಾ?"

"ಕಮ್ಮಿ. ಆದ್ರೆ ಮಧ್ಯ ಗಾಜು ಇರುತ್ತೆ ಸಾರ್. ಜನ ಆ ಕಡೆ, ನಾನು ಈ ಕಡೆ. ಯಾರೂ ಕೈ ಹಿಡಿಯೋಕಾಗಲ್ಲ."