ಮೂವತ್ತೊಂದನೇ ಸ್ಟಾಲಿನ ಮೊಗ್ಗಿನ ಜಡೆ

"ಬೇಡ ಮೇಡಂ. ಈ ಸ್ಟಾಲ್ ನಿಮಗಲ್ಲ."

ಅರ್ಜಿಗೆ ಸಹಿ ಹಾಕಲು ಬಾಗಿದ್ದ ಚೇತನಾಳ ಕೈ ಅಲ್ಲೇ ನಿಂತಿತು.

ತಲೆ ಎತ್ತಿದಳು. ಮೇಜಿನ ಆಚೆ ಕೂತಿದ್ದ ಯುವಕ ಅವಳನ್ನು ನೋಡುತ್ತಲೇ ಇರಲಿಲ್ಲ. ಅವಳು ತಂದಿದ್ದ ಆಲ್ಬಮ್ಮಿನ ಹಾಳೆ ತಿರುವುತ್ತಿದ್ದ. ಒಂದೊಂದು ಹಾಳೆಯಲ್ಲೂ ಒಬ್ಬೊಬ್ಬ ಮದುಮಗಳ ಬೆನ್ನು... ಬೆನ್ನ ತುಂಬ ಮಲ್ಲಿಗೆ ಮೊಗ್ಗಿನ ಜಡೆ.

"ಏನಂದ್ರಿ?"

"ಮೂರು ದಿನದ ಮದುವೆ ಮೇಳ ಇದು. ನೀವು ಕಟ್ಟೋದು ಮೊಗ್ಗು. ಸಂಜೆ ಹೊತ್ತಿಗೆ ಅರಳಿ ಕೂರುತ್ತೆ. ಅಲ್ಲಿಗೆ ಬರೋರು ಒಡವೆ ನೋಡ್ತಾರೆ, ಸೀರೆ ನೋಡ್ತಾರೆ, ಲಕ್ಕಿ ಡ್ರಾ ಕೂಪನ್ ತುಂಬಿ ಮನೆಗೆ ಹೋಗ್ತಾರೆ. ನಿಮ್ಮಂಥವರಿಗೆ ವರ್ಕೌಟ್ ಆಗಲ್ಲ ಮೇಡಂ."

ನಿಮ್ಮಂಥವರಿಗೆ!

ಚೇತನಾಳ ಕಿವಿ ಬಿಸಿಯಾಯಿತು. ಹೋದ ವರ್ಷ ಬಸವೇಶ್ವರನಗರದ ಒಂದು ಮದುವೆಮನೆಯಲ್ಲಿ ಯಾರೋ ಹೆಂಗಸು, "ಹೂವಿನವಳಾ? ಹಿಂದಿನ ಬಾಗಿಲಿಂದ ಬಾಮ್ಮ" ಎಂದಿದ್ದಳು. ಆ ಮಾತು ಈಗ ಮತ್ತೆ ಚುಚ್ಚಿತು.

"ನಮ್ಮಂಥವರು ಅಂದ್ರೆ? ಹೂ ಮಾರೋರು ಅಂತಾನಾ?"

ಅವನು ಗಾಬರಿಯಾಗಿ ಮೊದಲ ಸಲ ಅವಳ ಮುಖ ನೋಡಿದ. "ಅಯ್ಯೋ, ಹಾಗಲ್ಲ ಮೇಡಂ..."

ಅಷ್ಟರಲ್ಲಿ ಒಳಗಿನ ಕೋಣೆಯಿಂದ ಮೇಳದ ಮಾಲೀಕ ಗೋಪೀನಾಥ ಹೊರಗೆ ಬಂದ. "ಏನಯ್ಯಾ ಭೈರೇಶ್, ಬಂದಿರೋ ಪಾರ್ಟಿನ ವಾಪಸ್ ಕಳಿಸ್ತಾ ಇದೀಯಾ? ಬನ್ನಿ ಮೇಡಂ, ಒಂದೇ ಸ್ಟಾಲ್ ಉಳಿದಿದೆ. ಮೂವತ್ತೊಂದು!"

ಚೇತನಾ ಒತ್ತಿ ಒತ್ತಿ ಸಹಿ ಹಾಕಿದಳು.

ಭೈರೇಶ್ ರಸೀದಿ ಬರೆದ. ಅದರ ಹಿಂದೆ ಒಂದು ಫೋನ್ ನಂಬರನ್ನೂ ಬರೆದು, ಮೆಲ್ಲಗೆ ಹೇಳಿದ. "ಇವರು ಹೋದ ವರ್ಷ ಸ್ಟಾಲ್ ಹಾಕಿದ್ರು. ಒಂದ್ಸಲ ಕೇಳಿ ನೋಡಿ. ಶುಕ್ರವಾರದೊಳಗೆ ಬೇಡ ಅಂದ್ರೆ ದುಡ್ಡು ವಾಪಸ್ ಕೊಡಿಸೋ ಜವಾಬ್ದಾರಿ ನಂದು."

ಅವಳು ರಸೀದಿ ಕಸಿದುಕೊಂಡು ವಿಜಯನಗರದ ಆ ಆಫೀಸಿನ ಕಿರಿದಾದ ಮೆಟ್ಟಿಲುಗಳನ್ನು ದಡದಡನೆ ಇಳಿದಳು. ಎಂಥ ಅಹಂಕಾರ ಇವನಿಗೆ!

ಆದರೂ ಬಸ್ಸಿನಲ್ಲಿ ಕೂತ ಮೇಲೆ ಕೋಪದ ಕೆಳಗೆ ಭಯ ತಣ್ಣಗೆ ಮಿಸುಕಾಡಿತು. ಸ್ಟಾಲಿಗೆ ಕಟ್ಟಿದ ದುಡ್ಡು ಅವಳ ಒಂದು ವರ್ಷದ ಉಳಿತಾಯ.

ನಾಯಂಡಹಳ್ಳಿಯಲ್ಲಿ ಗೋಡೌನುಗಳ ಹಿಂದಿನ ಎರಡು ಕೋಣೆಯ ಮನೆ ಅವರದು. ರೋಣದ ಕಡೆಯಿಂದ ಬಂದ ಕುಟುಂಬ. ತಂದೆ ತೀರಿಕೊಂಡ ಮೇಲೆ ತಾಯಿ ಕಸ್ತೂರೆವ್ವ ಗಾರ್ಮೆಂಟ್ಸ್ ಸೇರಿದ್ದಳು. ಚೇತನಾ ಒಂದು ಬ್ಯೂಟಿ ಪಾರ್ಲರಿನಲ್ಲಿ ಕೆಲಸಕ್ಕಿದ್ದಾಗ ಮೊಗ್ಗಿನ ಜಡೆ ಕಟ್ಟುವುದನ್ನು ಕಲಿತಿದ್ದಳು. ಈಗಲೂ ಮದುವೆಗಳಿಗೆ ಪಾರ್ಲರ್ ಮೇಡಂ ಜೊತೆಯಲ್ಲೇ ಹೋಗಬೇಕು. ಮದುಮಗಳು ಕನ್ನಡಿಯಲ್ಲಿ ನೋಡಿಕೊಂಡು, "ಮೇಡಂ, ಜಡೆ ಸೂಪರ್!" ಎಂದರೆ ಮೇಡಂ ನಗುತ್ತಾರೆ. ಒದ್ದೆ ಬಟ್ಟೆ ಹಿಡಿದು ಹಿಂದೆ ನಿಂತವಳ ಹೆಸರು ಯಾರೂ ಕೇಳುವುದಿಲ್ಲ.

ಒಂದು ಸಲ... ಒಂದೇ ಒಂದು ಸಲ ತನ್ನ ಹೆಸರು ಹೇಳಿಕೊಂಡು ಕೂರಬೇಕು. ಅದಕ್ಕೇ ಈ ಸ್ಟಾಲು.

"ಮಂದಿ ನೋಡಾಕ ಬರ್ತಾರವ್ವಾ," ಎಂದಳು ಕಸ್ತೂರೆವ್ವ. "ನೋಡಿದವರೆಲ್ಲಾ ಕೊಳ್ತಾರೇನು? ಆ ಹುಡುಗ ಖರೇನ ಹೇಳ್ಯಾನ."

"ನೀನೂ ಅವನ ಪರಾನಾ?"

"ಪರ ಅಲ್ಲ. ಫೋನ್ ಹಚ್ಚಿ ಕೇಳು. ಕೇಳಿದ್ರ ಏನ್ ಹೋಗ್ತದ?"

ಒಲ್ಲದ ಮನಸ್ಸಿನಿಂದಲೇ ಆ ನಂಬರಿಗೆ ಫೋನ್ ಮಾಡಿದಳು. ಅತ್ತ ಮಾತಾಡಿದ್ದು ಉಮಾಶ್ರೀ ಎಂಬ ಮೆಹಂದಿ ಹಾಕುವ ಹೆಂಗಸು.

"ಮೂರು ದಿನಕ್ಕೆ ಎರಡೇ ಆರ್ಡರ್ ಕಣಮ್ಮ. ಅಳುನೇ ಬಂದಿತ್ತು! ಆದ್ರೆ ಆ ಎರಡು ಮದುವೆಯಿಂದ ಇನ್ನೂ ಆರು ಬಂತು. ಈಗ ಅದನ್ನ ಲಾಭ ಅನ್ಲಾ, ನಷ್ಟ ಅನ್ಲಾ? ನೀನೇ ಹೇಳು."

ಚೇತನಾ ಫೋನ್ ಇಟ್ಟು ತಾಯಿಯ ಮುಖ ನೋಡಿದಳು. ಕಸ್ತೂರೆವ್ವ ಹೇಳಿದಳು. "ರೊಕ್ಕ ಹೋದ್ರ ಮತ್ತ ದುಡದೇವು. ನಿನ್ನ ಹೆಸರು ನೀ ಹೇಳ್ಕೊಳ್ಳಾಕ ಅಂಜಬ್ಯಾಡ."

ಶುಕ್ರವಾರ ಬಂತು, ಹೋಯಿತು. ಚೇತನಾ ಸ್ಟಾಲ್ ಬಿಡಲಿಲ್ಲ.

ಎರಡು ಸಾವಿರದ ಏಳರ ಮಾರ್ಚ್. ರಾಜಾಜಿನಗರದ ದೊಡ್ಡ ಕಲ್ಯಾಣ ಮಂಟಪದಲ್ಲಿ ಮೇಳ ಶುರುವಾಯಿತು. ಮೂವತ್ತೊಂದನೇ ಸ್ಟಾಲ್ ಕೊನೆಯ ಸಾಲಿನಲ್ಲಿ, ಊಟದ ಹಾಲಿಗೆ ಹೋಗುವ ದಾರಿಯಲ್ಲಿತ್ತು. ಮಾರುಕಟ್ಟೆಯಿಂದ ಬೆಳಗಿನ ಜಾವವೇ ತಂದ ಮೊಗ್ಗು, ಮರುಗ, ಕನಕಾಂಬರ. ಥರ್ಮಾಕೋಲಿನ ಎರಡು ಬೊಂಬೆ ತಲೆಗಳಿಗೆ ಜಡೆ ಸಿಂಗರಿಸಿ ನಿಲ್ಲಿಸಿದ್ದಳು.

ಜನ ಬಂದರು. ಸಾಗರದಂತೆ ಬಂದರು! ನೋಡಿದರು, ಮುಂದೆ ಹೋದರು.

ಮಧ್ಯಾಹ್ನ ಭೈರೇಶ್ ಒಂದು ಬಕೆಟ್ ಹಿಡಿದು ಬಂದ. "ಜ್ಯೂಸ್ ಸ್ಟಾಲಿನಿಂದ ಐಸ್ ತಂದೆ. ಮೊಗ್ಗಿನ ಬುಟ್ಟಿ ಕೆಳಗಿಡಿ, ಬೇಗ ಅರಳಲ್ಲ."

"ಬೇಡ. ನಮ್ಮಂಥವರಿಗೆ ಇದೆಲ್ಲಾ ಅಭ್ಯಾಸ ಇದೆ."

ಅವನು ಬಕೆಟ್ ಅಲ್ಲೇ ಇಟ್ಟು ಹೋದ. ಅವನು ಕಣ್ಮರೆಯಾದ ಮೇಲೆ ಚೇತನಾ ಸದ್ದಿಲ್ಲದೆ ಬುಟ್ಟಿಯನ್ನು ಐಸಿನ ಮೇಲಿಟ್ಟಳು. ಹೂವಿನ ಮೇಲೆ ಯಾಕೆ ಕೋಪ?

ಎರಡನೇ ದಿನವೂ ಅದೇ ಕಥೆ. ಒಂದೂ ಬುಕಿಂಗ್ ಇಲ್ಲ. ಸಂಜೆ ಒಬ್ಬ ಅಜ್ಜಿ ಬಂದು ಜಡೆ ಮುಟ್ಟಿ ನೋಡಿ ಕೇಳಿದಳು. "ಇದು ಪ್ಲಾಸ್ಟಿಕ್ಕಾ ಮಗಾ?"

ಚೇತನಾಳ ಕಣ್ಣು ತುಂಬಿ ಬಂತು. ಅತ್ತ ಹಾದು ಹೋಗುತ್ತಿದ್ದ ಭೈರೇಶ್ ನಿಂತ. ಮೊದಲೇ ಹೇಳಿದ್ದೆನಲ್ಲ ಎನ್ನುತ್ತಾನೆ, ಈಗ ಎನ್ನುತ್ತಾನೆ ಎಂದು ಅವಳು ಹಲ್ಲು ಕಚ್ಚಿ ಕಾದಳು.

ಅವನು ಹಾಗನ್ನಲಿಲ್ಲ. "ಬೆಳಗ್ಗೆಯಿಂದ ಏನೂ ತಿಂದಿಲ್ಲ ನೀವು. ನಾನು ಸ್ಟಾಲ್ ನೋಡ್ಕೋತೀನಿ, ಊಟ ಮಾಡ್ಕೊಂಡು ಬನ್ನಿ," ಎಂದು ಅವಳ ಕುರ್ಚಿಯಲ್ಲಿ ಕೂತುಬಿಟ್ಟ.

ಊಟದ ಎಲೆಯ ಮುಂದೆ ಕೂತಾಗಲೂ ಅಜ್ಜಿಯ ಮಾತೇ ತಲೆಯಲ್ಲಿ ಸುತ್ತುತ್ತಿತ್ತು. ಪ್ಲಾಸ್ಟಿಕ್ಕಾ? ಹೌದಲ್ಲ... ಥರ್ಮಾಕೋಲ್ ತಲೆಗೆ ಏರಿಸಿದರೆ ಏನಿಟ್ಟರೂ ಪ್ಲಾಸ್ಟಿಕ್ಕೇ! ಜಡೆಗೆ ಜೀವ ಬರಬೇಕಾದರೆ ಜೀವ ಇರುವ ತಲೆ ಬೇಕು!

ಮೂರನೇ ದಿನ ಬೊಂಬೆ ತಲೆಗಳು ಮೇಜಿನ ಕೆಳಗೆ ಹೋದವು. ಸ್ಟಾಲಿನ ಮುಂದೆ ಒಂದು ಖಾಲಿ ಸ್ಟೂಲ್ ಬಂತು. ಬರುವ ಹುಡುಗಿಯರ ಕೂದಲನ್ನೇ ನೋಡುತ್ತಾ ನಿಂತಳು ಚೇತನಾ. ಹನ್ನೊಂದರ ಹೊತ್ತಿಗೆ ಗೆಳತಿಯರ ಜೊತೆ ಒಬ್ಬಳು ಬಂದಳು. ಅಬ್ಬಾ, ಸೊಂಟ ದಾಟುವ ಕೂದಲು!

"ಒಂದು ಮಾತು... ಎರಡು ಗಂಟೆ ಕೂತ್ಕೋತೀರಾ? ಫ್ರೀಯಾಗಿ ಜಡೆ ಕಟ್ತೀನಿ."

ಹುಡುಗಿ ಗೆಳತಿಯರ ಮುಖ ನೋಡಿ ನಕ್ಕು ಕೂತೇಬಿಟ್ಟಳು. "ಮೇ ತಿಂಗಳಲ್ಲಿ ನನ್ನ ಮದುವೆ ಅಕ್ಕಾ. ಟ್ರಯಲ್ ನೋಡೋಣ!"

ಚೇತನಾ ಸೂಜಿ ಎತ್ತಿಕೊಂಡಳು. ಮೊಗ್ಗಿನ ಮೇಲೆ ಮೊಗ್ಗು, ನಡುವೆ ಕನಕಾಂಬರದ ಗೆರೆ, ಅಂಚಿಗೆ ಮರುಗದ ಹಸಿರು. ಕೈ ನಡೆಯತೊಡಗಿದರೆ ಅವಳಿಗೆ ಬೇರೆ ಲೋಕ ಕಾಣದು. ಒಬ್ಬರು ನಿಂತರು. ಮೂವರು ನಿಂತರು. ಊಟಕ್ಕೆ ಹೊರಟವರು ಊಟ ಮರೆತರು. "ನಮ್ಮಜ್ಜಿ ಮದುವೇಲಿ ಹೀಗೇ ಹಾಕಿದ್ರಂತೆ..." "ಅಯ್ಯೋ, ಎಷ್ಟು ಘಮಘಮ ಅಂತಿದೆ ನೋಡೇ!"

ಕೊನೆಯ ಗಂಟು ಹಾಕಿ ತಲೆ ಎತ್ತಿದಾಗ ಸ್ಟಾಲಿನ ಮುಂದೆ ಜಾತ್ರೆ! ನಾಲ್ಕೈದು ಜನ ನಂಬರ್ ಬರೆದುಕೊಂಡರು. ಹುಡುಗಿ ಕನ್ನಡಿ ನೋಡಿಕೊಂಡು ಕುಣಿದಾಡಿ, ಅಲ್ಲೇ ಅಡ್ವಾನ್ಸ್ ಕೊಟ್ಟು ಹೆಸರು, ವಿಳಾಸ ಬರೆದಳು. ಸ್ಪಂದನ, ಹೇರೋಹಳ್ಳಿ.

ಚೇತನಾಳ ಮೊದಲ ಬುಕಿಂಗ್. ಅವಳದೇ ಹೆಸರಿನಲ್ಲಿ!

"ಸ್ಪಂದನಾ! ನೀನೇನೇ ಇಲ್ಲಿ?"

ಜನರನ್ನು ಸರಿಸಿಕೊಂಡು ಭೈರೇಶ್ ಬಂದ.

"ಅಣ್ಣಾ, ನನ್ ಜಡೆ ನೋಡೋ!"

ಅಣ್ಣ?!

ಹಿಂದೆಯೇ ಬಂದ ಗೋಪೀನಾಥ ಗಹಗಹಿಸಿ ನಕ್ಕ. "ಭೇಷ್ ಕಣಯ್ಯಾ! ಒಂದೂ ಬುಕಿಂಗ್ ಇಲ್ಲ ಅಂತ ಈ ಹುಡುಗಿ ಗಲಾಟೆ ಮಾಡ್ತಾಳೆ ಅನ್ಕೊಂಡಿದ್ದೆ. ತಂಗೀನೇ ಕರ್ಕೊಂಡು ಬಂದು ಕೂರಿಸಿದ್ಯಲ್ಲ, ಬುದ್ಧಿವಂತ!"

ಚೇತನಾ ಅಡ್ವಾನ್ಸ್ ದುಡ್ಡಿನತ್ತ ನೋಡಿದಳು. ಹಾಗಾದರೆ... ಐಸು, ಊಟ, ಈಗ ಈ ತಂಗಿ... ಎಲ್ಲವೂ ಕನಿಕರ!

"ಚೇತನಾ ಅವರೇ, ನನಗೆ ಗೊತ್ತೇ ಇರ್ಲಿಲ್ಲ..."

"ಸಾಕು ಬಿಡಿ ಸಾರ್. ಹೂವಿನವಳು ಅಂದಿದ್ರೂ ಸಹಿಸ್ಕೋತಿದ್ದೆ. ಪಾಪ ಅನ್ನೋದನ್ನ ಮಾತ್ರ ಸಹಿಸಲ್ಲ."

ಸಾಮಾನು ಕಟ್ಟಿಕೊಂಡು ಹೊರಟೇಬಿಟ್ಟಳು. ಅವನು ಆಮೇಲೆ ಎಷ್ಟು ಸಲ ಫೋನ್ ಮಾಡಿದರೂ ಎತ್ತಲಿಲ್ಲ.

ನಾಲ್ಕು ದಿನ ಕಳೆದವು. ಕನಿಕರದ ದುಡ್ಡು ಮನೆಯಲ್ಲಿದ್ದರೆ ನಿದ್ದೆ ಬಾರದು ಎಂದು ಅಡ್ವಾನ್ಸ್ ಹಿಂದಿರುಗಿಸಲು ಚೇತನಾ ಹೇರೋಹಳ್ಳಿಗೆ ಹೋದಳು. ಬಸ್ ಇಳಿದು, ಅಗೆದು ಬಿಟ್ಟಿದ್ದ ರಸ್ತೆಯ ಧೂಳಿನಲ್ಲಿ ವಿಳಾಸ ಕೇಳುತ್ತಾ ನಡೆದಳು. ಬಾಗಿಲು ತೆಗೆದದ್ದು ಭೈರೇಶನ ತಾಯಿ ಲಿಂಗಮ್ಮ.

"ಕನಿಕರದ ದುಡ್ಡು ನನಗೆ ಬೇಡ," ಎಂದು ಚೇತನಾ ಅಡ್ವಾನ್ಸ್ ಮುಂದಿಟ್ಟಾಗ ಸ್ಪಂದನಳ ಮುಖ ಸಣ್ಣದಾಯಿತು. "ಯಾಕಕ್ಕಾ? ಕನಿಕರಾನಾ? ಅಣ್ಣ ನನಗೆ ಆ ಮೇಳಕ್ಕೆ ಬರ್ಲೇಬೇಡ ಅಂದಿದ್ದ! ಅವನಿಗೆ ಹೇಳದೆ ಕದ್ದು ಬಂದಿದ್ದೆ. ಯಾರ ಮೇಲೆ ಬೇಕಾದ್ರೂ ಆಣೆ ಮಾಡ್ತೀನಿ. ಸ್ಟೂಲ್ ಮೇಲೆ ಕೂರಿಸಿದ್ದು ನೀವೇ ಅಲ್ವಾ?"

ಹೌದು... ಕರೆದದ್ದು ತಾನೇ! ಕೋಪದಲ್ಲಿ ಅದೂ ಮರೆತು ಹೋಗಿತ್ತು.

"ಮತ್ತೆ ನನಗೆ ಸ್ಟಾಲ್ ಯಾಕೆ ಬೇಡ ಅಂದ್ರು?"

ಲಿಂಗಮ್ಮ ನಿಟ್ಟುಸಿರು ಬಿಟ್ಟು, ಅಟ್ಟದ ಮೇಲಿಂದ ಒಂದು ಡಬ್ಬ ಇಳಿಸಿದರು. ಒಳಗೆ ಮದುವೆ ತಟ್ಟೆಗಿಡುವ ಕೊಬ್ಬರಿ ಗಿಟುಕುಗಳು. ಒಂದರ ಮೇಲೆ ಗಿಳಿಜೋಡಿ, ಇನ್ನೊಂದರ ಮೇಲೆ ಬಳ್ಳಿ, ಮತ್ತೊಂದರ ಮೇಲೆ ಪಲ್ಲಕ್ಕಿ... ಎಲ್ಲಾ ಕೈಯಿಂದ ಕೆತ್ತಿದ್ದು.

"ಹೋದ ವರ್ಷ ಅವನೇ ನನ್ನನ್ನ ಮೇಳದಲ್ಲಿ ಕೂರಿಸ್ದ ಕಣಮ್ಮ. ಅಮ್ಮನ ಕೆಲಸ ಊರೆಲ್ಲಾ ನೋಡ್ಲಿ ಅಂತ ಅವನಿಗೆ ಆಸೆ. ಮೂರು ದಿನ ಕೂತೆ. ಒಬ್ಬರೂ ನಿಲ್ಲಲಿಲ್ಲ. ಬಂದವಳೊಬ್ಬಳು, ತುಂಬಾ ದುಬಾರಿ, ಇದನ್ನ ಚಟ್ನಿಗೆ ಹಾಕ್ಬಹುದಾ ಅಂತ ನಕ್ಕು ಹೋದ್ಲು. ಅವತ್ತಿಂದ ನಾನು ಚಾಕು ಮುಟ್ಟಿಲ್ಲ. ಅವನಿಗೆ ಇನ್ನೂ ಅದೇ ಕೊರಗು."

ಚೇತನಾ ಗಿಳಿಜೋಡಿಯ ಮೇಲೆ ಬೆರಳಾಡಿಸಿದಳು. ನಿಮ್ಮಂಥವರು... ಎಂದರೆ ಅಮ್ಮನಂಥವರು. ಕೈಯಲ್ಲಿ ಜೀವ ಇಟ್ಟು ಮಾಡುವವರು.

"ಅಮ್ಮಾ," ಎಂದಳು. "ಸ್ಪಂದನ ಮದುವೆಗೆ ಇವನ್ನ ನೀವೇ ಕೆತ್ತಬೇಕು. ಚಪ್ಪರದಲ್ಲಿ, ಎಲ್ಲರ ಎದುರಿಗೆ ಕೂತು ಕೆತ್ತಿ. ಜನ ನಿಂತು ನೋಡ್ತಾರೆ. ನಾನು ನೋಡಿದೀನಲ್ಲ."

ಲಿಂಗಮ್ಮ ಅವಳ ಕೈ ಹಿಡಿದುಕೊಂಡರು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಭೈರೇಶ್! ಎಷ್ಟು ಹೊತ್ತಿಂದ ನಿಂತಿದ್ದನೋ... ಕಣ್ಣು ಕೆಂಪಗಾಗಿತ್ತು.

"ಫೋನ್ ಎತ್ತಬಹುದಿತ್ತು ನೀವು," ಎಂದ.

"ಸರಿಯಾಗಿ ಮಾತಾಡಬಹುದಿತ್ತು ನೀವು," ಎಂದಳು.

ಸ್ಪಂದನ ಕಿಸಕ್ಕನೆ ನಕ್ಕುಬಿಟ್ಟಳು.

ಮೇ ತಿಂಗಳ ಮದುವೆಯ ಹೊತ್ತಿಗೆ ಮೇಳದಲ್ಲಿ ನಂಬರ್ ಬರೆದುಕೊಂಡಿದ್ದವರಲ್ಲಿ ಇಬ್ಬರು ಫೋನ್ ಮಾಡಿದ್ದರು. ಇಬ್ಬರೇ! ಆದರೆ ಚಪ್ಪರದಲ್ಲಿ ಲಿಂಗಮ್ಮನ ಸುತ್ತ ಹೆಂಗಸರು ಮುತ್ತಿಕೊಂಡಿದ್ದರು. ಮದುಮಗಳು ಮಂಟಪದಲ್ಲಿ ಬೆನ್ನು ತಿರುಗಿಸಿದಾಗಲೆಲ್ಲ, "ಜಡೆ ಯಾರದು?" ಎಂಬ ಪ್ರಶ್ನೆ ಏಳುತ್ತಿತ್ತು. "ಚೇತನಾ ಅಂತ... ಅಗೋ, ಅಲ್ಲಿ ಕೂತಿದಾರಲ್ಲ!" ಎಂದು ಸ್ಪಂದನ ಬೆರಳು ಮಾಡಿ ತೋರಿಸುತ್ತಿದ್ದಳು.

ಧಾರೆ ಮುಗಿದ ಮೇಲೆ ಭೈರೇಶ್ ಎರಡು ಲೋಟ ಕಾಫಿ ಹಿಡಿದು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕೂತ. ರೇಷ್ಮೆ ಪಂಚೆ, ಹಣೆಯಲ್ಲಿ ಬೆವರು. ಏನೋ ಹೇಳಲು ಬಾಯಿ ತೆರೆದು ಮೂರು ಸಲವೂ ಕಾಫಿ ಗುಟುಕರಿಸಿದ.

"ಕಾಫಿ ಖಾಲಿಯಾಯ್ತು. ಇನ್ನಾದ್ರೂ ಹೇಳಿ," ಎಂದಳು ಚೇತನಾ.

"ಆ ಮೂರು ದಿನ... ನಿಮ್ಮ ಸ್ಟಾಲಿನ ದಾರೀಲಿ ನನಗೆ ಒಂದು ಕೆಲಸಾನೂ ಇರ್ಲಿಲ್ಲ. ಆದ್ರೂ ಇಪ್ಪತ್ತು ಸಲ ಬಂದೆ. ಯಾಕೆ ಅಂತ ಮೊದಲು ನನಗೇ ಗೊತ್ತಾಗ್ಲಿಲ್ಲ. ಈಗ ಗೊತ್ತಾಗಿದೆ. ನನಗೆ ನೀವಂದ್ರೆ ಇಷ್ಟ, ಚೇತನಾ."

ಗಟ್ಟಿಮೇಳದ ಸದ್ದು ನಿಂತು ಬಹಳ ಹೊತ್ತಾಗಿತ್ತು. ಆದರೂ ಅವಳ ಕಿವಿಯಲ್ಲಿ ಡೋಲು ಬಡಿಯುತ್ತಲೇ ಇತ್ತು.

"ನಮ್ಮವ್ವನ್ನ ಕೇಳಬೇಕು," ಎಂದಳು, ಸೆರಗಿನ ಅಂಚನ್ನು ನೋಡುತ್ತಾ.

"ಭಾನುವಾರ ಬಂದು ಕೇಳ್ಲಾ?"

"ಬನ್ನಿ. ಊಟದ ಹೊತ್ತಿಗೇ ಬನ್ನಿ, ಜೋಳದ ರೊಟ್ಟಿ ಇರುತ್ತೆ. ನಮ್ಮವ್ವ ನಿಧಾನವಾಗಿ ತಿನ್ನೋ ಗಂಡಸರನ್ನ ನಂಬ್ತಾಳೆ."

"ನಿಮ್ಮವ್ವ ಹೂಂ ಅಂದ್ರೆ? ನೀವೇನಂತೀರಾ?"

ಚೇತನಾ ತನ್ನ ಕೈಯಲ್ಲಿದ್ದ ತುಂಬಿದ ಲೋಟವನ್ನು ಅವನ ಕೈಗಿತ್ತಳು.

"ಮೊದಲು ಇದನ್ನ ಕುಡೀರಿ, ನಿಮ್ಮ ಲೋಟ ಖಾಲಿಯಾಗಿದೆ. ಮತ್ತೆ... ನನ್ನನ್ನ ಇನ್ಮೇಲೆ 'ನೀವು' ಅನ್ನಬೇಡ."