ಏಳು ತುಂಡು ಗೆರೆ

2023ರ ಅಕ್ಟೋಬರ್ 9, ಸೋಮವಾರ, ಬೆಳಿಗ್ಗೆ 8.25. ಕುರಾಂಬಾ ಪೊಲೀಸ್ ಠಾಣೆಯ ಕೌಂಟರಿನ ಮೇಲೆ ಬೇಕರಿಯ ಟುಯೆಟ್ ಲಾಮ್ ಹಿಟ್ಟು ಮೆತ್ತಿದ ಎರಡೂ ಕೈ ಊರಿ ನಿಂತಿದ್ದಳು.

"ದೂರು ಬರ್ಕೊಳ್ಳಿ. ನಮ್ಮ ಅಂಗಡಿ ಮುಂದಿನ ಗೆರೆ ಕಳುವಾಗಿದೆ."

ಕಾನ್‌ಸ್ಟೇಬಲ್ ಸಿಯೊನೆ ವಾಕಾ ಪೆನ್ನು ಕೆಳಗಿಟ್ಟ. ಟೋಂಗಾ ಮೂಲದವನು, ಠಾಣೆಯ ಯಾವ ಕುರ್ಚಿಯೂ ಸಾಲದ ಆಳು. "ಯಾವ ಗೆರೆ ಟುಯೆಟ್ ಅಕ್ಕಾ?"

"ರಸ್ತೆ ಮೇಲಿನ ಬಿಳಿ ಗೆರೆ ಕಣಪ್ಪಾ. ಮೊನ್ನೆ ಶನಿವಾರ ಇತ್ತು. ಈಗ ಅದು ಮುಗೀಬೇಕಾದ ಕಡೆ ಮುಗೀತಿಲ್ಲ, ಮೊದಲೇ ಮಾಯ. ಅರ್ಧ ಗಂಟೆ ಹಿಂದೆ ಪ್ಲಂಬರ್ ಒಬ್ಬನ ವ್ಯಾನು, ಟೀಚರಮ್ಮ ಒಬ್ರ ಕಾರು ಧಡಾರ್ ಅಂತ ಹೊಡ್ಕೊಂಡ್ವು. ಆಯಮ್ಮನ ಹೆಗಲ ಮೂಳೆ ಮುರ್ದಿದೆ. ಆಂಬುಲೆನ್ಸ್‌ಗೆ ಹತ್ತೋವಾಗ್ಲೂ 'ದಾರಿ ನಂದು' ಅಂತಿದ್ರು. ಅವನೂ 'ದಾರಿ ನಂದು' ಅಂತಾನೆ. ಪೈ ಓವನ್ನಲ್ಲಿ ಬಿಟ್ಟು ಬಂದಿದೀನಿ, ಬೇಗ ಬರ್ಕೋ."

"ಗೆರೆ ಕದ್ದು ಮನೇಗೆ ತಗೊಂಡ್ಹೋಗಿ ಏನ್ಮಾಡ್ತಾರಕ್ಕಾ?"

"ಅದನ್ನ ಕಂಡುಹಿಡಿಯೋಕೆ ತಾನೇ ನಿನಗೆ ಸಂಬಳ ಕೊಡೋದು?"

ಒಳಕೋಣೆಯಲ್ಲಿ ಸಾರ್ಜೆಂಟ್ ಗ್ವೆನ್ ಟ್ರೆಲೋರ್ ಈ ಮಾತು ಕೇಳಿಸಿಕೊಂಡಳು. ಅಪಘಾತ ತನಿಖೆಯಲ್ಲಿ ಹತ್ತೊಂಬತ್ತು ವರ್ಷ ಸವೆಸಿದವಳು. ಬೇಕರಿ ಮುಂದಿನ ಗೆರೆ ಎಂದರೆ ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಏಳು ತಿಂಗಳಿಂದ ಆ ರಸ್ತೆ ತಪ್ಪಿಸಿ, ಸ್ಮಶಾನದ ಕಡೆಯಿಂದ ಹನ್ನೊಂದು ನಿಮಿಷ ಸುತ್ತುಹಾಕಿ ಮನೆಗೆ ಹೋಗುತ್ತಿದ್ದಳು.

ಆ ಜಾಗಕ್ಕೆ ಊರವರು ಐದುದಾರಿ ಎನ್ನುತ್ತಾರೆ. ಐದು ರಸ್ತೆ, ಹದಿನಾಲ್ಕು ಸಿಗ್ನಲ್ ದೀಪ, ನೆಲದ ಮೇಲೆ ಒಂದಕ್ಕೊಂದು ಜಗಳ ಕಾಯುವ ಬಾಣಗಳು. ಅದನ್ನು ಕಾಗದದ ಮೇಲೆ ಬರೆದ ಪುಣ್ಯಾತ್ಮ ಕೆಲಸಕ್ಕೆ ರೈಲಿನಲ್ಲಿ ಹೋಗುತ್ತಿದ್ದಿರಬೇಕು. ಸಿಗ್ನಲ್ ದಾಟಿದ ಮೇಲೆ ಎರಡು ಲೇನು ಜೊತೆಯಾಗಿ ಓಡಿ, ಬೇಕರಿಯ ಹತ್ತಿರ ಒಂದಾಗುತ್ತವೆ; ಎಡಲೇನು ಅಲ್ಲಿಗೆ ಮುಗಿಯುತ್ತದೆ. ನಡುವೆ ತುಂಡು ಗೆರೆ ಇದ್ದರೆ, ಗೆರೆ ದಾಟುವವನು ನಿಂತು ಪಕ್ಕದವನಿಗೆ ದಾರಿ ಬಿಡಬೇಕು. ಗೆರೆ ಮುಗಿದುಹೋಗಿದ್ದರೆ, ಯಾರ ಗಾಡಿಯ ಮೂತಿ ಮುಂದಿದೆಯೋ ಅವನದೇ ದಾರಿ. ನಿಯಮ ಇಷ್ಟೇ. ಯಾರು ತಪ್ಪಿತಸ್ಥರು ಎಂಬುದು ಕೆಲವು ಮೀಟರ್ ಬಣ್ಣದ ಮೇಲೆ ನಿಂತಿರುತ್ತದೆ.

9.10ಕ್ಕೆ ಸ್ಥಳ ಮಹಜರು ಶುರುವಾಯಿತು. ಒಂದು ಮೀಟರ್ ಗೆರೆ, ಮೂರು ಮೀಟರ್ ಖಾಲಿ; ಹೀಗೆ ಸಾಗುವ ಸಾಲಿನಲ್ಲಿ ಕೊನೆಯ ಏಳು ತುಂಡಿಗೆ ಯಾರೋ ಡಾಂಬರಿನ ಬಣ್ಣ ಬಳಿದಿದ್ದರು.

"ಪುಂಡರ ಕೆಲಸ ಸಾರ್ಜ್," ಅಂದ ಸಿಯೊನೆ.

ಗ್ವೆನ್ ಮಂಡಿಯೂರಿ ಕೂತು ನೋಡಿದಳು. "ಅಂಚು ನೋಡು. ದಾರ ಹಿಡಿದು ಬಳಿದಿದಾರೆ. ಒಂದು ಹನಿ ಹೊರಗೆ ಬಿದ್ದಿಲ್ಲ. ನಿನ್ನ ಯಾವ ಪುಂಡ ಇಷ್ಟು ಅಚ್ಚುಕಟ್ಟು?"

22ನೇ ದೀಪದ ಕಂಬದಿಂದ ಟೇಪು ಎಳೆದರು. ಉಳಿದ ಗೆರೆ 31.4 ಮೀಟರಿಗೆ ಮುಗಿದಿತ್ತು. ಗ್ವೆನ್ ತಲೆಯೆತ್ತಿದಳು. ಬೇಕರಿಯ ಬಾಗಿಲು ಸರಿಯಾಗಿ ಎದುರಿಗಿತ್ತು.

2021ರ ಜೂನ್ 17, ಗುರುವಾರ, ಸಂಜೆ 5.20, ಮಳೆ. ಎಡಲೇನಿನಲ್ಲಿದ್ದ ಬ್ರೋನ್ವಿನ್ ಹ್ಯಾಡ್ಲೋ ಎಂಬ ಶಾಲೆಯ ಅಡುಗೆಯಾಕೆ ಇದೇ ಜಾಗದಲ್ಲಿ ಬಲಕ್ಕೆ ಸರಿದಿದ್ದಳು. ತುಸು ಹಿಂದೆ ಬಲಲೇನಿನಲ್ಲಿ ಬರುತ್ತಿದ್ದ ಬೈಕು ಬಡಿಯಿತು. ಕ್ಯಾಲಮ್ ರೀವ್ ಎಂಬ ಇಪ್ಪತ್ತಮೂರರ ಹುಡುಗ ಸತ್ತ. ನ್ಯಾಯಾಲಯದಲ್ಲಿ ಬ್ರೋನ್ವಿನ್ ಒಂದೇ ಮಾತು ಹೇಳುತ್ತಿದ್ದಳು: ಗೆರೆ ಬೇಕರಿ ಬಾಗಿಲ ಹತ್ತಿರವೇ ಮುಗಿದಿತ್ತು, ಆಮೇಲೆ ಗೆರೆ ಇರಲಿಲ್ಲ. ಅಪಘಾತದ ಮಾರನೆಯ ಮಧ್ಯಾಹ್ನ ಅಳತೆ ಮಾಡಿದ್ದ ಗ್ವೆನ್ ಸಾಕ್ಷಿಕಟ್ಟೆಯಲ್ಲಿ ನಿಂತು, "ಗೆರೆ ಸ್ಪಷ್ಟವಾಗಿತ್ತು, 22ನೇ ಕಂಬದಿಂದ 59.4 ಮೀಟರಿನವರೆಗೂ ಇತ್ತು," ಎಂದಳು. ಏಳು ತಿಂಗಳ ಹಿಂದೆ ಅವಳಿಗೆ ಮೂರು ವರ್ಷ ಶಿಕ್ಷೆ ಆಯಿತು. ಕರೆದುಕೊಂಡು ಹೋಗುವಾಗ ಬ್ರೋನ್ವಿನ್ ತಿರುಗಿ, "ನೀವೇ ಒಂದ್ಸಲ ಅಲ್ಲಿ ಗಾಡಿ ಓಡ್ಸಿ ನೋಡಿ ಮೇಡಂ," ಎಂದಿದ್ದಳು. ಸಿಟ್ಟಿನಿಂದ ಅಂದಿದ್ದರೆ ಗ್ವೆನ್ ಮರೆತುಬಿಡುತ್ತಿದ್ದಳು. ಆದರೆ ಅವಳು ಬೇಡಿಕೊಳ್ಳುವ ಹಾಗೆ ಅಂದಿದ್ದಳು.

ಮಧ್ಯಾಹ್ನ ಸಿಯೊನೆಯೇ ಬಾಯಿಬಿಟ್ಟ. "ಆ ಹ್ಯಾಡ್ಲೋ ಕಡೆಯವರದೇ ಕೆಲಸ ಇರಬಹುದಲ್ವಾ ಸಾರ್ಜ್?"

12.40ಕ್ಕೆ ಬ್ರೋನ್ವಿನ್‌ಳ ಅಕ್ಕ ಎನಿಡ್ ಬಾಗಿಲು ತೆಗೆದಳು. ತಂಗಿಯ ಮಗಳನ್ನು ಈಗ ಸಾಕುತ್ತಿರುವವಳು ಅವಳೇ. ಒಳಗೆ ಕರೆಯಲಿಲ್ಲ.

"ನಿನ್ನೆ ಎಲ್ಲಿದ್ರಿ?" ಗ್ವೆನ್ ಕೇಳಿದಳು.

"ವೃದ್ಧಾಶ್ರಮದಲ್ಲಿ ಡ್ಯೂಟಿ. ಆರರಿಂದ ಆರು. ಹಾಜರಿ ಪುಸ್ತಕ ನೋಡ್ಕೊಳ್ಳಿ. ಯಾಕೆ?"

"ಐದುದಾರೀಲಿ ಗೆರೆ ಅಳಿಸಿದಾರೆ."

ಎನಿಡ್ ನಕ್ಕಳು, ನಗು ಅಂತ ಕರೆಯಬಹುದಾದರೆ. "ಗೆರೆ ಇತ್ತು ಅಂತ ಜಡ್ಜ್ ಮುಂದೆ ಹೇಳಿದ್ದು ನೀವು. ಈಗ ಇಲ್ಲ ಅಂತ ಕೇಳೋಕೆ ನಮ್ಮನೇಗೆ ಬಂದ್ರಾ? ಭೇಷ್." ಬಾಗಿಲು ಮುಚ್ಚಿತು. ಹಾಜರಿ ಸರಿಯಿತ್ತು.

ಎರಡು ಗಂಟೆಗೆ ಮತ್ತೆ ಬೇಕರಿ. ಟುಯೆಟ್ ಹೂರಣ ತುಂಬಿ ಸುಟ್ಟ ಪೈಗಳನ್ನು ತಟ್ಟೆಗೆ ಜೋಡಿಸುತ್ತಲೇ ಉತ್ತರ ಕೊಟ್ಟಳು.

"ನಿನ್ನೆ ರಸ್ತೆ ಮೇಲೆ ಯಾರಾದರೂ ಇದ್ರಾ?" ಗ್ವೆನ್ ಕೇಳಿದಳು.

"ಯಾರೂ ಇಲ್ಲ. ಆ ರಿಪೇರಿಯಾತ ಒಬ್ಬ ಬಿಟ್ಟರೆ."

"ಯಾವ ರಿಪೇರಿಯಾತ?"

"ಹಳದಿ ಜಾಕೆಟ್ಟು, ರಸ್ತೆ ಮೇಲಿಡೋ ಕಿತ್ತಳೆ ಬಣ್ಣದ ಕೋನುಗಳು, ಬಿಳೀ ಪಿಕಪ್ಪು. ವಯಸ್ಸಾದೋನು, ಪಾಪ. ಇದು ಮೂರನೇ ಸಲ ಬಂದಿದ್ದು. ಕಳ್ಳರು ಅಳಿಸ್ತಾರೆ, ಆತ ಬಂದು ಸರಿಮಾಡ್ತಾನೆ."

"ನೀವು ಕಳ್ಳರನ್ನ ನೋಡಿದೀರಾ?"

"ಇಲ್ಲ. ಆತನ್ನೇ ನೋಡೋದು." ಟುಯೆಟ್‌ಳ ಕೈ ತಟ್ಟೆಯ ಮೇಲೆ ನಿಂತಿತು. "ಅಯ್ಯೋ! ಪ್ರತಿಸಲ ಬಟಾಣಿ ಪೈ ಬಿಸಿ ಮಾಡಿ ಕೊಟ್ಟಿದೀನಲ್ಲಪ್ಪಾ ಆ ಕಳ್ಳನಿಗೆ!"

ಸಿಯೊನೆ ಹಣೆ ಚಚ್ಚಿಕೊಂಡ. "ಭಾನುವಾರ ಯಾವ ಸರ್ಕಾರಿ ಕೆಲಸದವನು ಬರ್ತಾನಕ್ಕಾ? ಅದೂ ಒಬ್ಬನೇ? ಇವರು ಒಬ್ಬ ಬಳಿಯೋಕೆ, ನಾಲ್ಕು ಜನ ನೋಡೋಕೆ ಬರೋರು."

ಟುಯೆಟ್‌ಳನ್ನು ದೂರಿ ಫಲವಿಲ್ಲ. ಈ ದೇಶದಲ್ಲಿ ಹಳದಿ ಜಾಕೆಟ್ಟು ತೊಟ್ಟು ನಾಲ್ಕು ಕೋನು ಇಟ್ಟವನು ಹಾಡಹಗಲೇ ಪುರಸಭೆಯ ಕಟ್ಟಡ ಬಿಚ್ಚಿಕೊಂಡು ಹೋದರೂ, ಕೆಲಸ ಯಾವಾಗ ಮುಗಿಯುತ್ತೆ ಎಂದಷ್ಟೇ ಜನ ಕೇಳುತ್ತಾರೆ.

"ಆತ ಏನಾದರೂ ಮಾತಾಡ್ತಿದ್ನಾ?"

"ಒಂದೇ ಮಾತು. ಎರಡನೇ ಸಲದಿಂದ ಕೇಳೋನು, 'ಹೋದ ಸಲದ್ದು ನೋಡೋಕೆ ಪೊಲೀಸ್ನೋರು ಬಂದಿದ್ರಾ, ಅಳೆದ್ರಾ' ಅಂತ. ಇಲ್ಲ ಅಂದ್ರೆ ಮುಖ ಸಣ್ಣ ಮಾಡ್ಕೊಳೋನು. ಎರಡು ಸಲಾನೂ ಆಮೇಲೆ ರಸ್ತೆ ಇಲಾಖೆ ಲಾರಿಯೋರು ಬಂದು ಬಿಳಿ ಬಳಿದು ಹೋದ್ರು, ಅಷ್ಟೇ. ನಿಮ್ಮೋರು ಯಾರೂ ಬರ್ಲಿಲ್ಲ."

ಅಂಗಡಿಯ ಕ್ಯಾಮೆರಾದಲ್ಲಿ ಪಿಕಪ್ಪಿನ ನಂಬರು ಸಿಕ್ಕಿತು. ಮಾಲೀಕ ವಿಕ್ ಬುಸುಟಿಲ್, 67 ವರ್ಷ, ಮಾಲ್ಟಾದಿಂದ ಚಿಕ್ಕಂದಿನಲ್ಲಿ ಬಂದವನು. ರಸ್ತೆ ಗೆರೆ ಬಳಿಯುವ ಗುತ್ತಿಗೆದಾರನೊಬ್ಬನ ಬಳಿ ಮೂವತ್ತೊಂದು ವರ್ಷ ಕೆಲಸ ಮಾಡಿ, ಕಳೆದ ವರ್ಷ ನಿವೃತ್ತ.

ಅಕ್ಟೋಬರ್ 10, ಮಂಗಳವಾರ, ಸಂಜೆ 4.05. ಬುಸುಟಿಲ್ ಮನೆಯ ಗೇಟಿನಿಂದ ಗ್ಯಾರೇಜಿನವರೆಗೆ ಎರಡು ಬಿಳಿ ಗೆರೆ ಕಣ್ಣಿಗೆ ಒತ್ತಿಕೊಳ್ಳುವಷ್ಟು ನೇರವಾಗಿದ್ದವು. ಆತ ಮೆಟ್ಟಿಲ ಮೇಲೆ ಕೂತಿದ್ದ. ಪೊಲೀಸರನ್ನು ಕಂಡು ಎದ್ದು ನಿಂತ. ಓಡುವ ಯೋಚನೆ ಮುಖದಲ್ಲಿ ಇರಲಿಲ್ಲ.

"ಟೀಚರಮ್ಮ ಹೇಗಿದಾರೆ?"

"ಮೂಳೆ ಮುರ್ದಿದೆ. ವಾಸಿಯಾಗುತ್ತೆ," ಅಂದಳು ಗ್ವೆನ್. "ನೀವು ಏನೂ ಹೇಳಬೇಕಾಗಿಲ್ಲ. ಹೇಳಿದ್ದನ್ನ ಬರ್ಕೊಂಡು ಸಾಕ್ಷ್ಯವಾಗಿ ಬಳಸ್ತೀವಿ. ಗೆರೆ ಅಳಿಸಿದ್ದು ನೀವಾ?"

"ಹೌದು. ಅಳೆದ್ರಾ?"

"ಅಳೆದ್ವಿ."

"ಎಷ್ಟು?"

"31.4."

ಆತ ಕಣ್ಣು ಮುಚ್ಚಿ, ಬಿಗಿಹಿಡಿದ ಉಸಿರು ಬಿಟ್ಟ. "ಸರಿಯಾಗಿದೆ. ಆವತ್ತು ಅಷ್ಟೇ ಇತ್ತು."

"ಯಾವತ್ತು?"

"ಆ ಹುಡುಗ ಸತ್ತ ದಿನ. ಹಳೇ ಗೆರೆ ಅಲ್ಲಿಂದಾಚೆ ಪೂರಾ ಸವೆದು ಹೋಗಿತ್ತು ಮೇಡಂ. ಒಂದು ಚುಕ್ಕೇನೂ ಇರ್ಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂಬತ್ತೂವರೆಗೆ ಬಳಿದೋನು ನಾನು."

ಸಿಯೊನೆಯ ಪೆನ್ನು ನಿಂತಿತು. ಗ್ವೆನ್‌ಗೆ ತನ್ನ ದನಿ ಎಲ್ಲಿಂದಲೋ ಬಂದಂತೆ ಕೇಳಿಸಿತು. "ಜೂನ್ 16ಕ್ಕೆ ಬಳಿದಿದ್ದು ಅಂತ ನಿಮ್ಮ ಗುತ್ತಿಗೆದಾರನ ಕಾಗದ ಕೋರ್ಟಲ್ಲಿದೆ."

"16ಕ್ಕೆ ಮುಗಿಸ್ಬೇಕಿತ್ತು, ಹಾಗೇ ಬರೆದ್ರು. 15, 16, 17 ಮೂರೂ ದಿನ ಮಳೆ ಮೇಡಂ, 18ಕ್ಕೇ ಬಿಟ್ಟಿದ್ದು. ಮಳೇಲಿ ಯಾವ ಬಣ್ಣ ಹಿಡಿಯುತ್ತೆ? ನೀವಾದ್ರೂ ಯೋಚ್ನೆ ಮಾಡ್ಬಾರ್ದಿತ್ತಾ?"

ಅವಳು ಯೋಚನೆ ಮಾಡಿರಲಿಲ್ಲ. ಕಾಗದದಲ್ಲಿ ತಾರೀಕಿತ್ತು, ನೆಲದ ಮೇಲೆ ಗೆರೆಯಿತ್ತು. ಅಪಘಾತದ ಸಂಜೆಯ ಫೋಟೋಗಳಲ್ಲಿ ಒದ್ದೆ ರಸ್ತೆ ಹೆಡ್‌ಲೈಟಿಗೆ ಹೊಳೆದು ಏನೂ ಕಂಡಿರಲಿಲ್ಲ.

"ಅಪಘಾತದ ಜಾಗಕ್ಕೆ ಪೊಲೀಸರು ಹಾಕಿದ್ದ ನೀಲಿ ಗುರುತು ರಸ್ತೆ ಮೇಲೆ ನೋಡ್ದೆ," ಬುಸುಟಿಲ್ ಮುಂದುವರಿಸಿದ. "ನೋಡಿಯೂ ಬಳಿದೆ. ಮೇಸ್ತ್ರಿ 'ನಿನಗ್ಯಾಕೆ, ಎಳಿ' ಅಂದ. ಎಳೆದೆ. ಕೇಸು ನಡೆಯೋವಾಗ ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದೆ. ಎದ್ದೇಳ್ಬೇಕು ಅಂತಲೇ ಹೋಗಿದ್ದು. ಆ ಅಮ್ಮ ಗೆರೆ ಇರ್ಲಿಲ್ಲ ಅಂತ ಹೇಳ್ತಾ ಇದ್ರೆ ನನ್ನ ಕಾಲು ಮೇಲೇಳ್ಲಿಲ್ಲ. ಹೆದರಿದೆ ಮೇಡಂ. ಮುಚ್ಚುಮರೆ ಏನಿದೆ, ಹೇಡಿ ನಾನು. ನಿಮ್ಮ ಠಾಣೆ ಬಾಗಿಲಿಗೂ ಎರಡು ಸಲ ಬಂದು ವಾಪಸ್ ಹೋದೆ."

"ಅದಕ್ಕೆ ರಸ್ತೆ ಅಳಿಸಿದ್ರಾ?"

"ಬಾಯಿ ಬರ್ಲಿಲ್ಲ, ಕೈಗೆ ಕೆಲಸ ಬರ್ತಿತ್ತು. ಆವತ್ತು ಹೇಗಿತ್ತೋ ಹಾಗೆ ಮಾಡಿಟ್ಟರೆ ಯಾರಾದರೂ ಟೇಪ್ ಹಿಡ್ಕೊಂಡು ಬಂದು ಕೇಳ್ತಾರೆ, ಆಗ ಹೇಳ್ಲೇಬೇಕಾಗುತ್ತೆ ಅಂದ್ಕೊಂಡೆ. ಯಾರಿಗೂ ಏಟಾಗ್ಬಾರ್ದು ಅಂತ ವಾಹನ ಕಡಿಮೆ ಇರೋ ಭಾನುವಾರಾನೇ ಹೋಗ್ತಿದ್ದೆ. ಸೋಮವಾರ ಬರುತ್ತೆ ಅನ್ನೋದು ಈ ಮುದಿ ತಲೆಗೆ ಹೊಳೀಲಿಲ್ಲ."

"ಹೊಸ ಬಣ್ಣ ಅನ್ನೋದಕ್ಕೆ ನಿಮ್ಮ ಮಾತು ಬಿಟ್ಟರೆ ಏನಿದೆ?"

ಬುಸುಟಿಲ್ ಶೆಡ್ಡಿನಿಂದ ಒಂದು ಡಬ್ಬಿ ತಂದು ಅವಳ ಅಂಗೈಗೆ ಸುರಿದ. ಸಕ್ಕರೆಯಂಥ ಗಾಜಿನ ಕಾಳು. "ಗೆರೆ ಮಿಂಚ್ಲಿ ಅಂತ ಹಸಿ ಬಣ್ಣದ ಮೇಲೆ ಇದನ್ನ ಉದುರಿಸ್ತೀವಿ. ಹಿಡೀದೆ ಉಳಿದದ್ದು ಒಂದೆರಡು ದಿನ ರಸ್ತೆ ಮೇಲೇ ಹರಡಿರುತ್ತೆ. ಒಂದು ಮಳೆ ಬಂದ್ರೆ ಎಲ್ಲಾ ಕೊಚ್ಕೊಂಡು ಹೋಗುತ್ತೆ. ಮೂರು ದಿನದ ಮಳೇಲಿ ಒಂದು ಕಾಳೂ ಉಳಿಯಲ್ಲ."

ಗ್ವೆನ್ ಅಂಗೈ ನೋಡುತ್ತ ನಿಂತಳು. ಆ ಶುಕ್ರವಾರ ಮನೆಗೆ ಹೋಗಿ ಬೂಟು ಬಿಚ್ಚಿದಾಗ ಚಾಪೆಯ ಮೇಲೆ ಇಂಥದೇ ಕಾಳು ಬಿದ್ದಿದ್ದವು. ಒಡೆದ ಹೆಡ್‌ಲೈಟಿನ ಪುಡಿ ಅಂದುಕೊಂಡು ಅವಳೇ ಪೊರಕೆಯಿಂದ ಗುಡಿಸಿದ್ದಳು. ಸಾಕ್ಷ್ಯ ಅವಳ ಜೊತೆಯೇ ಮನೆಯವರೆಗೆ ನಡೆದು ಬಂದಿತ್ತು.

ರಸ್ತೆ ಗುರುತಿಗೆ ಹಾನಿ ಮಾಡಿ ಇತರರಿಗೆ ಗಾಯವಾಗುವಂತೆ ಮಾಡಿದ ಆರೋಪದ ಮೇಲೆ ಸಂಜೆ 4.50ಕ್ಕೆ ವಿಕ್ ಬುಸುಟಿಲ್‌ನನ್ನು ಬಂಧಿಸಲಾಯಿತು. ಆತ ಹಿಂದಿನ ಸೀಟಿನಲ್ಲಿ ಬೆಲ್ಟು ತಾನೇ ಹಾಕಿಕೊಂಡ.

"ಸ್ಮಶಾನದ ಕಡೆಯಿಂದ ತಾನೇ ಸಾರ್ಜ್?" ಸಿಯೊನೆ ಕೇಳಿದ.

"ಇಲ್ಲ. ಐದುದಾರಿ. ಬೀಗದ ಕೈ ಕೊಡು, ನಾನೇ ಓಡಿಸ್ತೀನಿ."

ಸಿಗ್ನಲ್ಲಿನಲ್ಲಿ ಗ್ವೆನ್ ಎಡಲೇನಿಗೆ ನಿಂತಳು. ಹಸಿರು ಬಂತು. ಇಲಾಖೆಯ ಕಾರಿಗೆ ಜನ ದೂರದಿಂದಲೇ ದಾರಿ ಬಿಡುವುದು ರೂಢಿ. ಆದರೆ ಆ ಸಂಜೆ ಬಲಕ್ಕೆ ತುಸು ಹಿಂದೆ ಬರುತ್ತಿದ್ದ ನೀಲಿ ಕಾರಿನವನು ಸಿಟ್ಟಲ್ಲಿದ್ದನೋ, ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತೋ, ಬಿಡಲಿಲ್ಲ. ಬೇಕರಿಯ ಬಾಗಿಲು ಬಂತು, ಗೆರೆ ಮುಗಿಯಿತು. ಬಿಳಿ ಬಳಿಯುವ ಲಾರಿ ಇನ್ನೂ ಬಂದಿರಲಿಲ್ಲ. ಮುಂದೆ ಬರೀ ಕಪ್ಪು ರಸ್ತೆ. ಎಡಬದಿಯ ಕಟ್ಟೆ ಅವಳ ಮೇಲೆ ಒತ್ತಿಕೊಂಡು ಬರುತ್ತಿತ್ತು. ಅವಳ ಕಾರಿನ ಮೂತಿ ಮುಂದಿತ್ತು, ದಾರಿ ಅವಳದೇ. ನಿಯಮ ಬಾಯಿಪಾಠ ಇದ್ದವಳು ಬಲಕ್ಕೆ ಸರಿದಳು. ಕಿವಿ ಕಿತ್ತುಹೋಗುವ ಹಾರನ್ನು, ಬ್ರೇಕಿನ ಕಿರುಚು. ನೀಲಿ ಕಾರು ಒಂದು ಗೇಣು ಹಿಂದೆ ನಿಂತಿತು.

ಕನ್ನಡಿಯಲ್ಲಿ ಅವಳಿಗೆ ನೀಲಿ ಕಾರು ಕಾಣಲಿಲ್ಲ. ಆ ಹುಡುಗನ ಬೈಕು ಕಂಡಿತು, ಜೊತೆಗೆ ಬ್ರೋನ್ವಿನ್‌ಳ ಮುಖ.

"ನೋಡಿದ್ರಾ ಮೇಡಂ?" ಹಿಂದಿನಿಂದ ಬುಸುಟಿಲ್ ಮೆಲ್ಲಗೆ ಅಂದ.

"ನೋಡ್ದೆ," ಅಂದಳು.

ಠಾಣೆಯಲ್ಲಿ 5.45ಕ್ಕೆ ಹಳೆಯ ಕಡತ ತೆರೆದರು. 18-6-2021, ಮಧ್ಯಾಹ್ನ 2.40, ಫೋಟೋ ಸಂಖ್ಯೆ 14: ಅಳತೆಯ ಟೇಪು, ಬಿಳಿ ಗೆರೆ, ಮೂಲೆಯಲ್ಲಿ ಗ್ವೆನ್‌ಳ ಕಪ್ಪು ಬೂಟಿನ ತುದಿ. ಸಿಯೊನೆ ಅದನ್ನು ಹಿಗ್ಗಿಸಿದ. ಗೆರೆಯ ಸುತ್ತ ರಸ್ತೆಯ ಮೇಲೆಲ್ಲ ಕಾಳು ಮಿನುಗುತ್ತಿದ್ದವು, ಬೂಟಿನ ಮೇಲೂ.

ಅವನು ಕುರ್ಚಿಯನ್ನು ಅವಳ ಕಡೆ ಎಳೆದುಕೊಂಡ. "ಸಾರ್ಜ್, ಈ ಫೋಟೋ ಎರಡು ವರ್ಷದಿಂದ ಇಲ್ಲೇ ಇದೆ. ಯಾರೂ ನೋಡಿಲ್ಲ. ಮುದುಕನ ಮಾತು ಒಂದೇ ಆದ್ರೆ ಯಾರೂ ನಂಬಲ್ಲ. ನಿಮಗೆ ನಿವೃತ್ತಿಗೆ ಇನ್ನು ಒಂದೇ ವರ್ಷ."

"ಬ್ರೋನ್ವಿನ್‌ಗೆ ಹೊರಗೆ ಬರೋಕೆ ಎಷ್ಟಿದೆ?"

ಸಿಯೊನೆ ಕುರ್ಚಿಯನ್ನು ಮತ್ತೆ ಕಂಪ್ಯೂಟರಿನ ಕಡೆ ತಿರುಗಿಸಿದ.

"ಅವಳ ವಕೀಲರಿಗೆ ಫೋನ್ ಮಾಡು. ಆಮೇಲೆ ಹೊಸ ಹಾಳೆ ತೆಗಿ. ಗ್ವೆನ್ ಟ್ರೆಲೋರ್, 58 ವರ್ಷ."

ಅವನು ಟೈಪು ಮಾಡಿ ತಡೆದ. "ಏನಂತ ಹಾಕ್ಲಿ ಸಾರ್ಜ್? ತನಿಖಾಧಿಕಾರಿ ಅಂತಾನಾ?"

"ಸಾಕ್ಷಿ ಅಂತ ಹಾಕು. ಮೊದಲನೇ ಸಲ ತಪ್ಪು ಹೇಳಿದ ಸಾಕ್ಷಿ."

ಲಾಕಪ್ಪಿನಲ್ಲಿ ಬುಸುಟಿಲ್ ಆಗಲೇ ನಿದ್ದೆಹೋಗಿದ್ದ. ಟುಯೆಟ್ ಬೈಯುತ್ತಲೇ ಕಳಿಸಿದ ಬಟಾಣಿ ಪೈಯ ತಟ್ಟೆ ಖಾಲಿಯಾಗಿತ್ತು. ಬಂಧನದ ನಮೂನೆಯಲ್ಲಿ ಕೃತ್ಯದ ಉದ್ದೇಶ ಎಂಬ ಕಾಲಮ್ಮನ್ನು ಗ್ವೆನ್ ತಾನೇ ತುಂಬಿದಳು:

"ಆರೋಪಿಯು ರಸ್ತೆಯನ್ನು 17-6-2021ರ ಸಂಜೆ 5.20ಕ್ಕೆ ಇದ್ದ ಸ್ಥಿತಿಗೆ ತಂದಿಟ್ಟಿದ್ದಾನೆ. ಪೊಲೀಸರು ಬಂದು ಮತ್ತೊಮ್ಮೆ ಅಳೆಯಲಿ ಎಂಬುದೇ ಅವನ ಉದ್ದೇಶ. ಅಳೆಯಲಾಗಿದೆ."